ಬೇಕು, ಬೇಡು ಮತ್ತು ಚಾಚಿದ ಕೈ: ಬಂಡೀಪುರದ ಮಂಗಗಳ ಸಂವಹನಾಧ್ಯಯನದ ಒಂದು ವಿಮರ್ಶೆ

1. ಪ್ರಸ್ತಾವನೆ

ಅದ್ವೈತ ದೇಶಪಾಂಡೆ, ಶ್ರೀಜಾತಾ ಗುಪ್ತ ಮತ್ತು ಅನಿಂದ್ಯ ಸಿನ್ಹಾ ಅವರು 2018ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನ ಪ್ರಬಂಧವು ಬಂಡೀಪುರ ರಾಷ್ಟ್ರೀಯ ಉದ್ಯಾನದ ಮಂಗಗಳನ್ನು (ಬಾನೆಟ್ ಮಕಾಕ್, ಮಕಾಕ ರೇಡಿಯೇಟ) ಕುರಿತದ್ದು. ಈ ಮಂಗಗಳು ಮನುಷ್ಯರಿಂದ ಆಹಾರ ಪಡೆಯುವಾಗ ತೋರುವ ನಾಲ್ಕು ವರ್ತನೆಗಳನ್ನು ಲೇಖಕರು ಸಹಜ ವೀಕ್ಷಣೆ ಹಾಗೂ ಕ್ಷೇತ್ರಪ್ರಯೋಗಗಳೆರಡರಿಂದಲೂ ಪರಿಶೀಲಿಸಿದ್ದಾರೆ: ‘ಕೂ’ ಎಂಬ ಕರೆ, ಕೈ ಚಾಚುವಿಕೆ, ಮನುಷ್ಯನತ್ತ ಮುಖ ಮಾಡುವಿಕೆ ಮತ್ತು ಅವನ ಮೇಲಿಡುವ ನಿಗಾ. ಉದ್ದೇಶಪೂರ್ವಕ ಸಂವಹನಕ್ಕೆ ಸಾಮಾನ್ಯವಾಗಿ ಒಪ್ಪಿತವಾದ ಮಾನದಂಡಗಳಿಗೆ ‘ಕೂ’ ಕರೆಯನ್ನುಳಿದು ಮಿಕ್ಕವೆಲ್ಲ ಒಳಪಡುತ್ತವೆ ಎಂಬುದು ಅವರ ನಿರ್ಣಯ. ಇಲ್ಲಿಂದ ಮುಂದೆ ಸಾಗಿ, ಭಾಷೋತ್ಪಾದನೆಯ ಸಂಜ್ಞಾನಾತ್ಮಕ ಪೂರ್ವರೂಪಗಳು ಭಿನ್ನ ಮಾಧ್ಯಮಗಳ ಸಂಕೇತಗಳನ್ನು ಕೂಡಿಸಿ ಬಳಸುವುದರಲ್ಲಿ ಕಾಣಿಸಿಕೊಂಡಿರಬಹುದು, ಅವು ವಾನರಗಳಿಗಿಂತ ಮೊದಲೇ ಮಂಗಗಳಲ್ಲಿ ಮೂಡಿರಬಹುದು ಎಂದೂ ಅವರು ಊಹಿಸುತ್ತಾರೆ.

ಪ್ರಸ್ತುತ ಲೇಖನದ ವಾದವಿಷ್ಟು: ಈ ಅಧ್ಯಯನದ ಅತ್ಯಂತ ಬೆಲೆಯುಳ್ಳ ಫಲಿತಾಂಶವು ಕೈ ಚಾಚುವಿಕೆಯ ಯಶಸ್ಸಲ್ಲ, ‘ಕೂ’ ಕರೆಯ ವೈಫಲ್ಯ. ಆ ವೈಫಲ್ಯವನ್ನು ಗಂಭೀರವಾಗಿ ಪರಿಗಣಿಸಿದರೆ ಭಾಷೆಯ ಮೂಲವನ್ನು ಕುರಿತ ಕೊನೆಯ ಊಹೆಯನ್ನು ಇದೇ ರೂಪದಲ್ಲಿ ಉಳಿಸಿಕೊಳ್ಳುವುದು ಕಷ್ಟ.

2. ಚಿಹ್ನೆ ಮತ್ತು ಉದ್ದೇಶ

ಪಾಲ್ ಗ್ರೈಸ್ ಅವರು 1957ರಲ್ಲಿ ಸಹಜಾರ್ಥ ಮತ್ತು ಅಸಹಜಾರ್ಥಗಳನ್ನು ಬೇರ್ಪಡಿಸಿದರು. ಮಲೆನಾಡಿನ ಓದುಗರಿಗೆ ಈ ಭೇದವನ್ನು ವಿವರಿಸಲು ದೂರದ ಉದಾಹರಣೆ ಬೇಕಿಲ್ಲ. ಅದೇ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಇಂದು ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳಿಗೂ ಅಪರಿಚಿತವಲ್ಲ. ಕಾಡಿನಲ್ಲಿ ಸತ್ತುಬಿದ್ದ ಮಂಗವು ಆರೋಗ್ಯ ಕಾರ್ಯಕರ್ತನಿಗೆ ರೋಗದ ಸೂಚನೆ. ಆದರೆ ಆ ಮಂಗ ಯಾರಿಗೂ ಏನನ್ನೂ ಸೂಚಿಸಿಲ್ಲ. ಅರ್ಥಗ್ರಹಣವು ಪೂರ್ಣವಾಗಿ ನಡೆದಿದೆ, ಅರ್ಥೋದ್ದೇಶ ಮಾತ್ರ ಇಲ್ಲ. ಸಂಕೇತವೊಂದು ಸ್ವೀಕರ್ತನಿಗೆ ಮಾಹಿತಿ ನೀಡುತ್ತದೆ ಎಂದ ಮಾತ್ರಕ್ಕೆ ಉತ್ಪಾದಕನ ಮನಸ್ಸನ್ನು ಕುರಿತು ಏನೂ ಸಿದ್ಧವಾಗುವುದಿಲ್ಲ.

ಪ್ರಾಣಿಸಂವಹನದ ಸಾಹಿತ್ಯವು ಈ ಎಚ್ಚರವನ್ನು ನಿಧಾನವಾಗಿ ಕಲಿತಿದೆ. ಕೆನ್ಯಾದ ಅಂಬೊಸೆಲಿಯ ವರ್ವೆಟ್ ಮಂಗಗಳು ಚಿರತೆ, ಹದ್ದು, ಹಾವುಗಳಿಗೆ ಬೇರೆ ಬೇರೆ ಎಚ್ಚರಿಕೆಯ ಕೂಗುಗಳನ್ನು ಹೊರಡಿಸುತ್ತವೆ, ಕೇಳಿದವು ತಕ್ಕಂತೆ ವರ್ತಿಸುತ್ತವೆ ಎಂದು 1980ರಲ್ಲಿ ಸೈಫರ್ಥ್, ಚೇನಿ ಮತ್ತು ಮಾರ್ಲರ್ ತೋರಿಸಿದಾಗ ಆ ಕೂಗುಗಳನ್ನು ಪದಗಳ ಪೂರ್ವಜರೆಂದು ಕಾಣುವ ಉತ್ಸಾಹ ಹುಟ್ಟಿತು. ಆದರೆ ಅಂಥ ಪ್ರಯೋಗಗಳು ಮುಖ್ಯವಾಗಿ ಅಳೆದದ್ದು ಕೇಳುಗನ ಗ್ರಹಿಕೆಯನ್ನು. 2012ರಲ್ಲಿ ವೀಲರ್ ಮತ್ತು ಫಿಷರ್ ಅವರು ‘ಕ್ರಿಯಾತ್ಮಕ ನಿರ್ದೇಶನ’ದ ಪರಿಕಲ್ಪನೆಯ ಕಾಲ ಮುಗಿಯಿತೆಂದು ವಾದಿಸಿದ್ದರ ಹಿನ್ನೆಲೆ ಇದೇ. ಬಂಡೀಪುರದ ಅಧ್ಯಯನವು ಉತ್ಪಾದಕನ ಕಡೆಗೆ ಗಮನ ತಿರುಗಿಸಿರುವುದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಅದು ಬಳಸಿದ ಬಗೆಯ ಮಾನದಂಡಗಳು, ಅಂದರೆ ಸ್ವೀಕರ್ತನ ಇರವು ಮತ್ತು ಗಮನಕ್ಕೆ ಹೊಂದಿಕೊಳ್ಳುವುದು, ಗುರಿ ಈಡೇರುವವರೆಗೆ ಬಿಡದಿರುವುದು, ವಿಫಲವಾದಾಗ ವಿಧಾನ ಬದಲಿಸುವುದು, ಮಾತು ಬಾರದ ಶಿಶುಗಳನ್ನು ಕುರಿತು ಎಲಿಜಬೆತ್ ಬೇಟ್ಸ್ ಮತ್ತು ಸಹೋದ್ಯೋಗಿಗಳು 1970ರ ದಶಕದಲ್ಲಿ ನಡೆಸಿದ ಅಧ್ಯಯನಗಳ ಪರಂಪರೆಗೆ ಸೇರಿದವು.

3. ಶುಕವಾಕ್ಯದ ಪ್ರಶ್ನೆ

ಉತ್ಪಾದಕನ ಉದ್ದೇಶ ಮತ್ತು ಸ್ವೀಕರ್ತನ ಬೋಧಗಳ ಈ ಬೇರ್ಪಡೆ ನಮ್ಮ ಶಾಸ್ತ್ರಪರಂಪರೆಗೆ ಹೊಸದಲ್ಲ. ಭಾದ್ರಪದದ ವಾಕ್ಯಾರ್ಥ ಸಭೆಗೆ ಹೆಸರಾದ ಶೃಂಗೇರಿಯಲ್ಲಿ ನ್ಯಾಯ, ವೇದಾಂತಗಳ ಪ್ರಕರಣಗ್ರಂಥಗಳು ಇಂದಿಗೂ ಪಾಠಕ್ಕೆ ಒಳಪಡುತ್ತವೆ. ವಿಶ್ವನಾಥನ ‘ನ್ಯಾಯಸಿದ್ಧಾಂತಮುಕ್ತಾವಲಿ’ಯು ವಕ್ತೃವಿನ ಇಚ್ಛೆಯನ್ನೇ ತಾತ್ಪರ್ಯವೆಂದು ಹೇಳಿ, ಅದರ ಜ್ಞಾನವನ್ನು ಶಾಬ್ದಬೋಧಕ್ಕೆ ಕಾರಣವೆನ್ನುತ್ತದೆ. ಆಗ ಗಿಳಿಯ ಮಾತಿನ ಗತಿಯೇನು? ಗಿಳಿಗೆ ಆ ಇಚ್ಛೆಯಿಲ್ಲ, ಆದರೂ ಕೇಳುಗನಿಗೆ ಬೋಧವಾಗುತ್ತದೆ. ಗ್ರಂಥವು ಅಲ್ಲಿ ಈಶ್ವರನ ತಾತ್ಪರ್ಯವನ್ನೂ, ಗಿಳಿಯ ಮಾತು ವಸ್ತುಸ್ಥಿತಿಗೆ ವಿಸಂವಾದಿಯಾದಾಗ ಅದಕ್ಕೆ ಕಲಿಸಿದವನ ತಾತ್ಪರ್ಯವನ್ನೂ ತರುತ್ತದೆ. ಧರ್ಮರಾಜಾಧ್ವರೀಂದ್ರನ ‘ವೇದಾಂತಪರಿಭಾಷೆ’ಯದು ಬೇರೆ ದಾರಿ: ಅರ್ಥವರಿಯದವನು ಉಚ್ಚರಿಸಿದ ವೇದದಿಂದಲೂ ಬೋಧವಾಗುವುದರಿಂದ, ತಾತ್ಪರ್ಯವೆಂದರೆ ವಕ್ತೃವಿನ ಇಚ್ಛೆಯಲ್ಲ, ಆಯಾ ಅರ್ಥದ ಪ್ರತೀತಿಯನ್ನು ಹುಟ್ಟಿಸುವ ಯೋಗ್ಯತೆ.

ಈ ಗ್ರಂಥಗಳ ವಿಷಯ ವಾಕ್ಯವೇ ಹೊರತು ಪ್ರಾಣಿಗಳ ಕೂಗಲ್ಲ. ಅವುಗಳಲ್ಲಿ ಆಧುನಿಕ ಸಂಜ್ಞಾನವಿಜ್ಞಾನವನ್ನು ಹುಡುಕುವುದು ಅನುಚಿತ. ಆದರೆ ಇಚ್ಛೆ ಮತ್ತು ಯೋಗ್ಯತೆ ಎಂಬ ಜೋಡಿ ಇಲ್ಲಿ ಉಪಯುಕ್ತ. ವರ್ವೆಟ್ ಕೂಗುಗಳ ಸಾಹಿತ್ಯವು ಯೋಗ್ಯತೆಯನ್ನು ಅಳೆದು ಇಚ್ಛೆಯ ಭಾಷೆಯಲ್ಲಿ ಬರೆಯಿತು. ಬಂಡೀಪುರದ ‘ಕೂ’ ಕರೆಗೆ ಯೋಗ್ಯತೆಯಿರಬಹುದು, ಇಚ್ಛೆಯ ಪುರಾವೆಯಿಲ್ಲ. ಚಾಚಿದ ಕೈಗೆ ಇಚ್ಛೆಯ ಪುರಾವೆಯೂ ಇದೆ.

ಆಕ್ಷೇಪವೊಂದು ಏಳಬಹುದು: ಕೈ ಚಾಚಿದಾಗ ತಿನಿಸು ಕೊಟ್ಟ ಪ್ರವಾಸಿಯೇ ಇಲ್ಲಿ ಕಲಿಸಿದವನಲ್ಲವೆ, ಉದ್ದೇಶವನ್ನು ಅವನಿಗೇ ಒಪ್ಪಿಸಬಾರದೇಕೆ? ಒಪ್ಪಿಸಲಾಗದು. ಪ್ರವಾಸಿ ತಿನಿಸು ಕೊಟ್ಟನೇ ಹೊರತು ಕಲಿಸಬೇಕೆಂದು ಹೊರಟವನಲ್ಲ. ಅಲ್ಲದೆ, ಕಲಿತದ್ದನ್ನು ಎದುರಿಗಿರುವವನ ಗಮನಕ್ಕೆ ತಕ್ಕಂತೆ ಹೊಂದಿಸುವುದು ಕಲಿಸಿದವನ ಕೆಲಸವಲ್ಲ. ವರ್ತನೆಯ ಮೂಲ ಬಲವರ್ಧನೆಯೇ ಆಗಿದ್ದರೂ ಅದರ ಬಳಕೆ ಉದ್ದೇಶಪೂರ್ವಕವಾಗಿರಬಹುದು.

4. ಕ್ರಿಯಾಪದದ ಆಯ್ಕೆ

ಲೇಖಕರು ಬಳಸಿದ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಕೋರಿಕೆ, ಯಾಚನೆ, ಬೇಡಿಕೆ ಯಾವುದನ್ನಾದರೂ ಹೇಳಬಹುದು. ಮೂರೂ ವಾಗ್ವ್ಯಾಪಾರದ ಹೆಸರುಗಳೇ, ಮೂರೂ ಉದ್ದೇಶವನ್ನು ಮೊದಲೇ ಒಳಗಿಟ್ಟುಕೊಂಡವು. ವಿವರಣೆಯ ಪದವೇ ತೀರ್ಪನ್ನು ನೀಡಿಬಿಟ್ಟರೆ ಪರೀಕ್ಷೆಗೆ ಉಳಿಯುವುದೇನು?

‘ಮಂಗಕ್ಕೆ ಹಣ್ಣು ಬೇಕು’, ‘ಮಂಗ ಯಾತ್ರಿಕನನ್ನು ಹಣ್ಣು ಬೇಡಿತು’ ಎಂಬ ಎರಡು ವಾಕ್ಯಗಳನ್ನು ಹೋಲಿಸಬಹುದು. ಮೊದಲನೆಯದರಲ್ಲಿ ಚತುರ್ಥಿಯ ಅನುಭವಿಯಿದೆ, ಸ್ಥಿತಿಯಿದೆ. ಕರ್ತೃವಿಲ್ಲ, ಸಂಬೋಧಿತನಿಗೆ ಸ್ಥಾನವೇ ಇಲ್ಲ. ಎರಡನೆಯದರಲ್ಲಿ ಪ್ರಥಮಾವಿಭಕ್ತಿಯ ಕರ್ತೃವೂ ಯಾರನ್ನು ಬೇಡಲಾಯಿತೋ ಅವನೂ ಇದ್ದಾರೆ. ‘ಕೂ’ ಕರೆಯ ಬಗೆಗೆ ಈಗಿರುವ ಪುರಾವೆ ‘ಬೇಕು’ ವಾಕ್ಯವನ್ನಷ್ಟೇ ಸಮರ್ಥಿಸುತ್ತದೆ: ಒಳಗಿನ ಅವಸ್ಥೆಯೊಂದು ಹೊರಗೆ ಕೇಳಿಸಿದೆ. ಚಾಚಿದ ಕೈ ‘ಬೇಡು’ ವಾಕ್ಯಕ್ಕೆ ಅರ್ಹ. ಆದರೆ ಅದೂ ಡ್ಯಾನಿಯಲ್ ಡೆನೆಟ್ ಹೇಳುವ ಪ್ರಥಮ ಶ್ರೇಣಿಯ ಉದ್ದೇಶವನ್ನು ದಾಟಿಲ್ಲ. ಮನುಷ್ಯನು ತಿನಿಸು ಕೊಡುವಂತೆ ಮಾಡುವುದು ಮಂಗದ ಗುರಿಯೆನ್ನಬಹುದು. ತನ್ನ ಗುರಿಯನ್ನು ಅವನು ಗುರುತಿಸಲಿ ಎಂಬ ಗ್ರೈಸ್ ಮಾದರಿಯ ಉದ್ದೇಶ ಅದಕ್ಕಿದೆಯೆಂದು ಈ ಮಾನದಂಡಗಳು ತೋರಿಸಲಾರವು.

ಹೀಗಿರುವಾಗ ‘ಸಂಕೇತಗಳ ಕೂಡುವಿಕೆ’ಯ ಊಹೆ ಎಲ್ಲಿ ನಿಲ್ಲುತ್ತದೆ? ಕೂಡಿದ ಎರಡರಲ್ಲಿ ಒಂದು ಉದ್ದೇಶದ ಪರೀಕ್ಷೆಯನ್ನು ದಾಟಿದೆ, ಇನ್ನೊಂದು ದಾಟಿಲ್ಲ. ಒಟ್ಟಿಗೆ ಕಾಣಿಸಿಕೊಂಡ ಮಾತ್ರಕ್ಕೆ ಅವು ಒಂದು ಸಂಯೋಜನೆಯಾಗುವುದಿಲ್ಲ. ಹಸಿವಿನ ಉದ್ವೇಗವೂ ಕೈಯೂ ಏಕಕಾಲದಲ್ಲಿ ಹೊರಬಿದ್ದಿರಬಹುದು. ಸ್ವೀಕರ್ತನ ಗಮನಕ್ಕೆ ತಕ್ಕಂತೆ ಮಂಗವು ಕೂಡುವಿಕೆಯನ್ನೇ ಬದಲಿಸುತ್ತದೆಂದು ತೋರಿಸಿದಾಗ ಮಾತ್ರ ಆ ಪದಕ್ಕೆ ಬಲ ಬರುತ್ತದೆ. ಮನುಷ್ಯಸಂಪರ್ಕದಲ್ಲಿ ಹೊಸದಾಗಿ ಹುಟ್ಟಿದ, ಒಂದು ಸಮುದಾಯದ ರೂಢಿಯಿಂದ ಮಂಗಗಳ ವಿಕಾಸದಲ್ಲಿ ಆ ಸಾಮರ್ಥ್ಯ ಮೂಡಿದ ಕಾಲವನ್ನು ಹೇಳುವುದೂ ಕಷ್ಟ. ಸಾಮರ್ಥ್ಯವಿದೆಯೆಂಬುದು ಸಿದ್ಧ, ಅದು ಸಮಾನ ಪೂರ್ವಜನಿಂದ ಬಂದಿತೇ, ಸ್ವತಂತ್ರವಾಗಿ ಮೂಡಿತೇ ಎಂಬುದನ್ನು ಅನೇಕ ಪ್ರಭೇದಗಳ ಹೋಲಿಕೆಯೇ ನಿರ್ಧರಿಸಬೇಕು.

5. ‘ನಡುವೆ’ ಎಂಬ ಪದ ಮತ್ತು ಮುಂದಿನ ಕೆಲಸ

ಪ್ರಬಂಧದ ಶೀರ್ಷಿಕೆ ಮಂಗ ಮತ್ತು ಮನುಷ್ಯರ ‘ನಡುವಣ’ ಸಂವಹನವನ್ನು ಹೇಳುತ್ತದೆ. ಆದರೆ ಮಾನದಂಡಗಳು ಪರೀಕ್ಷಿಸುವುದು ಮಂಗದ ಉತ್ಪಾದನೆಯನ್ನು. ಕನ್ನಡದ ‘ಕೇಳು’ ಧಾತು ಆಲಿಸುವುದಕ್ಕೂ ಬೇಡುವುದಕ್ಕೂ ಸಲ್ಲುತ್ತದೆ. ಇಲ್ಲಿ ಅಧ್ಯಯನಕ್ಕೆ ಬಂದಿರುವುದು ಎರಡನೆಯ ಅರ್ಥ ಮಾತ್ರ. ‘ಹೋಗು’ ಎಂದು ಬೀಸಿದ ಕೈಯನ್ನೂ ಬರಿಗೈ ತೋರಿಸಿದ್ದನ್ನೂ ಮಂಗ ಹೇಗೆ ಗ್ರಹಿಸುತ್ತದೆ ಎಂಬುದು ಗೊತ್ತಾಗದೆ ‘ನಡುವೆ’ ಪೂರ್ಣವಾಗದು. ಗುಪ್ತ ಮತ್ತು ಸಿನ್ಹಾ ಅವರದೇ 2016ರ ಅಧ್ಯಯನ ಇದಕ್ಕೆ ಪೂರಕ. ಪರಸ್ಪರ ಮೈ ಹೆಕ್ಕುವಾಗ ಎಲ್ಲಿ ಹೆಕ್ಕಬೇಕೆಂಬುದನ್ನು ಮಂಗ ಇನ್ನೊಂದು ಮಂಗಕ್ಕೆ ಅಂಗಸಂಜ್ಞೆಯಿಂದ ತೋರಿಸುತ್ತಿರಬಹುದೆಂದು ಅಲ್ಲಿ ವಾದಿಸಲಾಗಿದೆ. ಅಲ್ಲಿ ಸ್ವೀಕರ್ತನೂ ಮಂಗವೇ ಆದ್ದರಿಂದ, ಮನುಷ್ಯನು ತಿನಿಸು ಕೊಟ್ಟು ರೂಢಿಸಿದ ವರ್ತನೆಯೆಂಬ ಶಂಕೆಗೆ ಎಡೆ ಕಡಿಮೆ. ಭಾಷೆಯ ಮೂಲವನ್ನು ಕುರಿತ ಚರ್ಚೆಗೆ ಆ ದತ್ತಾಂಶವೇ ಹೆಚ್ಚು ಭದ್ರವಾದ ನೆಲೆ.

ಮಲೆನಾಡು ಈ ಪ್ರಶ್ನೆಗಳಿಗೆ ಯೋಗ್ಯ ಕ್ಷೇತ್ರ. ಯಾತ್ರಾಸ್ಥಳದಲ್ಲಿ ಮನುಷ್ಯ ತಿನಿಸು ಕೊಡುವವನು. ಅಡಿಕೆ, ಬಾಳೆ, ಏಲಕ್ಕಿ ತೋಟಗಳಲ್ಲಿ ಅವನೇ ಅಟ್ಟುವವನು. ಒಂದೇ ಪ್ರಭೇದದ ಮುಂದೆ ಎರಡು ಬಗೆಯ ಸ್ವೀಕರ್ತರಿರುವಾಗ, ಕೈ ಚಾಚುವ ರೂಢಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಹುಟ್ಟುವುದಿಲ್ಲ ಎಂಬ ಹೋಲಿಕೆ ಸಾಧ್ಯ. ಇಂಥ ಅಧ್ಯಯನವನ್ನು ಹೊಸದಾಗಿ ತಿನಿಸು ಕೊಡದೆ, ಇರುವ ಸಂಪರ್ಕದ ವೀಕ್ಷಣೆಯಿಂದಲೇ ನಡೆಸುವುದು ಉಚಿತ. ಏಕೆಂದರೆ ಉದ್ದೇಶಪೂರ್ವಕತೆಯ ಪುರಾವೆಯೆಂದು ನಾವು ದಾಖಲಿಸುವ ಕೈಯೇ ತೋಟದ ಬೇಲಿಯಲ್ಲಿ ಉಪಟಳದ ಪುರಾವೆಯಾಗುತ್ತದೆ, ಅದರ ಬೆಲೆಯನ್ನು ತೆರುವುದು ಬೆಳೆಗಾರ ಮತ್ತು ಮಂಗ.

ಒಟ್ಟಾರೆ, ಬಂಡೀಪುರದ ಅಧ್ಯಯನವು ಕರ್ನಾಟಕದ ಕಾಡಿನಿಂದಲೇ ಭಾಷೋತ್ಪತ್ತಿಯ ಚರ್ಚೆಗೆ ದೊರೆತ ಗಟ್ಟಿಯಾದ ಕೊಡುಗೆ. ಧ್ವನಿ ಮತ್ತು ಉದ್ದೇಶ ಒಂದೇ ಪ್ರಾಣಿಯಲ್ಲಿ, ಒಂದೇ ಸನ್ನಿವೇಶದಲ್ಲಿ ಬೇರೆಯಾಗಿ ನಿಲ್ಲಬಲ್ಲವು ಎಂದು ಅದು ತೋರಿಸಿದೆ. ಮನುಷ್ಯಭಾಷೆಯಲ್ಲಿ ಅವೆರಡೂ ಕೂಡಿದ್ದು ಹೇಗೆ ಎಂಬುದೇ ಅದು ನಮ್ಮ ಮುಂದಿರಿಸುವ ನಿಜವಾದ ಪ್ರಶ್ನೆ.