ಕುಣಿಕೆ ಓದುವ ಕಣ್ಣು: ತಂತ್ರಜ್ಞಾನದ ನಂಟಿನ ಹೆಣಿಗೆ–ನೇಯ್ಗೆ ಕಲೆಗೆ ರಸಿಕರ ಕೈಪಿಡಿ

ಉಣ್ಣೆಯಲ್ಲಿ ನೇಯ್ದ ಕಂಪ್ಯೂಟರ್ ಚಿಪ್, ಗೋಡೆ ತುಂಬುವ ಹೆಣಿಗೆಯ ನಕ್ಷತ್ರಪಟ, ರೈಲು ತಡವಾದ ಲೆಕ್ಕವನ್ನೇ ಬಣ್ಣ ಮಾಡಿಕೊಂಡ ಮಫ್ಲರ್. ಇಂಥ ಕೃತಿಗಳ ಮುಂದೆ ನಿಂತ ಹೊಸಬರ ಬಾಯಿಂದ ಮೊದಲು ಹೊರಡುವ ಮಾತು, ‘ಅಬ್ಬಾ, ಎಷ್ಟು ತಾಳ್ಮೆ!’ ಮಾತೇನೋ ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ, ಕಚೇರಿ ಕೇಳಿ ಗಾಯಕರ ದಮ್ಮನ್ನು ಮಾತ್ರ ಹೊಗಳಿ ಎದ್ದು ಬಂದಂತಾಗುತ್ತದೆ.

ತಾಳ್ಮೆ ಈ ಕಲೆಗೆ ಹಾಕಿದ ಬಂಡವಾಳ. ಅದನ್ನು ಹಾಕಿ ಕಲಾವಿದೆ ಮಾಡಿದ ತೀರ್ಮಾನಗಳಲ್ಲಿ ಕಲೆ ಇದೆ: ಈ ಕುಣಿಕೆಗೆ ಯಾವ ಬಣ್ಣ, ಈ ಗೆರೆಯನ್ನು ಉಳಿಸಬೇಕೋ ಬಿಡಬೇಕೋ, ನಕ್ಷೆ ಒಂದು ಹೇಳಿ ನೂಲು ಇನ್ನೊಂದು ಹೇಳಿದಾಗ ಯಾರ ಮಾತು ಕೇಳಬೇಕು. ಸಾಲು ಸಾಲಿಗೂ ಇಂಥ ತೀರ್ಮಾನಗಳಿರುತ್ತವೆ, ಅವೆಲ್ಲ ಬಟ್ಟೆಯಲ್ಲಿ ಕಾಣುವಂತೆಯೇ ಉಳಿದಿರುತ್ತವೆ. ಅವನ್ನು ಓದುವ ಬಗೆಯನ್ನು ಹೇಳಿಕೊಡುವುದು ಈ ಕೈಪಿಡಿಯ ಉದ್ದೇಶ.

ಮೊದಲು ಹತ್ತಿರ ಹೋಗಿ

ಚಿತ್ರವನ್ನು ದೂರದಿಂದ ನೋಡಿ ಆಮೇಲೆ ಹತ್ತಿರ ಹೋಗುವುದು ನಮ್ಮ ರೂಢಿ. ಇಲ್ಲಿ ಅದನ್ನು ತಿರುಗಿಸಿಕೊಳ್ಳಿ. ಕ್ಯಾನ್ವಾಸಿನಲ್ಲಿ ಬಟ್ಟೆ ಮೊದಲೇ ಇರುತ್ತದೆ, ಚಿತ್ರ ಅದರ ಮೇಲೆ ಬರುತ್ತದೆ. ಹೆಣಿಗೆಯಲ್ಲಿ ಬಟ್ಟೆಯೂ ಚಿತ್ರವೂ ಒಟ್ಟಿಗೇ ಹುಟ್ಟುತ್ತವೆ. ಒಂದು ಕುಣಿಕೆ ತಪ್ಪಿದರೆ ಎರಡೂ ಕೆಡುತ್ತವೆ.

ಹೆಣಿಗೆಗೆ ಮೂಲದಲ್ಲಿರುವುದು ಎರಡೇ ಕುಣಿಕೆ, ಸೀದಾ ಮತ್ತು ಉಲ್ಟಾ. ಸೀದಾ ಕುಣಿಕೆ ಇಂಗ್ಲಿಷಿನ ‘ವಿ’ ಅಕ್ಷರದಂತೆ ಕಾಣುತ್ತದೆ, ಉಲ್ಟಾ ಕುಣಿಕೆ ಪುಟ್ಟ ಅಡ್ಡಗೀಟಿನಂತೆ. ಎರಡೂ ಒಂದೇ ಕುಣಿಕೆಯ ಮುಂಬದಿ ಮತ್ತು ಹಿಂಬದಿ. ಕಂಪ್ಯೂಟರಿನ ಸೊನ್ನೆ–ಒಂದರ ಲೆಕ್ಕ ಬಲ್ಲವರು ಹೆಣಿಗೆಯತ್ತ ಸುಲಭವಾಗಿ ಒಲಿಯುವುದು ಇದೇ ಕಾರಣಕ್ಕೆ.

ಈಗ ಆ ‘ವಿ’ಯನ್ನು ಸರಿಯಾಗಿ ನೋಡಿ. ಸಾಮಾನ್ಯವಾಗಿ ಅದರ ಎತ್ತರಕ್ಕಿಂತ ಅಗಲ ಹೆಚ್ಚು. ಹಾಗಾಗಿ ಚೌಕುಳಿ ಹಾಳೆಯ ಮೇಲೆ ಬರೆದ ದುಂಡನೆಯ ಚಂದ್ರನನ್ನು ಹಾಗೇ ಹೆಣೆದರೆ ಅವನು ಎತ್ತರದಲ್ಲಿ ಕುಗ್ಗಿ ಅಡ್ಡಕ್ಕೆ ಹಿಗ್ಗುತ್ತಾನೆ. ಹೆಣೆಯುವವರು ಮೊದಲು ಅಂಗೈ ಅಗಲದ ಮಾದರಿ ತುಂಡು ಹೆಣೆದು, ಇಷ್ಟು ಅಗಲಕ್ಕೆ ಎಷ್ಟು ಕುಣಿಕೆ, ಇಷ್ಟು ಎತ್ತರಕ್ಕೆ ಎಷ್ಟು ಸಾಲು ಎಂದು ಎಣಿಸಿ, ಅದಕ್ಕೆ ತಕ್ಕಂತೆ ನಕ್ಷೆಯನ್ನು ಉದ್ದಕ್ಕೆ ಎಳೆಯುತ್ತಾರೆ. ಹೆಣಿಗೆಯಲ್ಲಿ ದುಂಡಗೆ ಬಂದ ಚಂದ್ರನ ಹಿಂದೆ ಲೆಕ್ಕ ಇದ್ದೇ ಇರುತ್ತದೆ.

ಕನ್ನಡದ ರಸಿಕರಿಗೆ ಈ ಓದು ಹೊಸದೇನೂ ಅಲ್ಲ. ಧಾರವಾಡ ಸೀಮೆಯ ಕಸೂತಿಯನ್ನು ನೆನೆಯಿರಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿ ಎಣಿಸಿಯೇ ಗೋಪುರ, ತೇರು, ಆನೆ ಎಬ್ಬಿಸುತ್ತಾರೆ. ಕಸೂತಿಯ ಆನೆಯ ಬೆನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದೂ ಹಳೆಯ ಕಂಪ್ಯೂಟರ್ ಆಟಗಳ ಬೊಂಬೆಗಳ ಅಂಚು ಮೆಟ್ಟಿಲಾಗಿರುವುದೂ ಒಂದೇ ಕಾರಣಕ್ಕೆ. ಎರಡೂ ಕಡೆ ಚಿತ್ರ ಹುಟ್ಟುವುದು ಎಣಿಕೆಯಿಂದ.

ಹಿಂಬದಿ ನೋಡದೆ ಬರಬೇಡಿ

ಎರಡು ಬಣ್ಣದ ಹೆಣಿಗೆಯಲ್ಲಿ ಒಂದು ಬಣ್ಣ ಮುಂದೆ ಕಾಣುತ್ತಿರುವಾಗ ಇನ್ನೊಂದರ ನೂಲು ಹಿಂದೆ ಅಡ್ಡಕ್ಕೆ ಹಾಯುತ್ತದೆ. ಅದು ತುಂಬ ಉದ್ದವಾದರೆ ಜೋಲುತ್ತದೆ, ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಹೆಣೆಯುವವರು ಒಂದೇ ಬಣ್ಣವನ್ನು ಸಾಲಿನಲ್ಲಿ ಬಹುದೂರ ಒಯ್ಯುವುದಿಲ್ಲ. ಒಯ್ಯಲೇಬೇಕಾದರೆ ನಡುನಡುವೆ ಹಿಂದಿನ ನೂಲನ್ನು ಸಿಕ್ಕಿಸಿಕೊಳ್ಳುತ್ತಾರೆ, ಇಲ್ಲವೇ ನಕ್ಷೆಯಲ್ಲೇ ಅಲ್ಲೊಂದು ಇಲ್ಲೊಂದು ಚುಕ್ಕೆ ಸೇರಿಸುತ್ತಾರೆ. ಬರಿದಾದ ಆಕಾಶದಲ್ಲಿ ಚಿಕ್ಕ ಚಿಕ್ಕ ಚುಕ್ಕೆ ಕಂಡರೆ ಅವು ಅಂದಕ್ಕೆ ಬಂದವೋ ನೂಲಿನ ಅಗತ್ಯಕ್ಕೆ ಬಂದವೋ ಎಂದು ಕೇಳಿಕೊಳ್ಳಿ. ಒಳ್ಳೆಯ ಕೃತಿಯಲ್ಲಿ ಎರಡನ್ನೂ ಬೇರ್ಪಡಿಸಲಾಗದು.

ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ. ಗಂಟಿಲ್ಲದೆ ಹೊರಟ ದಾರ ಸುತ್ತಿ ಬಂದು ತಾನು ಬಿಟ್ಟ ಖಾಲಿ ಜಾಗಗಳನ್ನು ತುಂಬುತ್ತದೆ. ಬಲ್ಲವರು ಸೀರೆಯ ಸೆರಗನ್ನು ಮಗುಚಿ ನೋಡುವುದು ಅದಕ್ಕೇ. ಮನೆಯಲ್ಲಿ ಹೂವಿನದೋ ಜಿಂಕೆಯದೋ ಚಿತ್ರವಿರುವ ಹಳೆಯ ಸ್ವೆಟರ್ ಇದ್ದರೆ ಇವತ್ತೇ ಒಳಮೈ ತಿರುಗಿಸಿ ನೋಡಿ. ಕೈಯಲ್ಲಿ ಹೆಣೆದದ್ದೋ ಯಂತ್ರದಲ್ಲೋ, ಹೆಣೆದವರು ಎಲ್ಲಿ ಬಣ್ಣ ಬದಲಿಸಿದರು, ಎಲ್ಲಿ ಹೊಸ ನೂಲು ಸೇರಿಸಿದರು ಎಂಬುದೆಲ್ಲ ಅಲ್ಲಿ ಬಯಲಾಗುತ್ತದೆ.

ಮಗ್ಗವೇ ಹಿರಿಯಕ್ಕ

‘ತಂತ್ರಜ್ಞಾನದಿಂದ ಪ್ರೇರಿತ’ ಎಂದಾಗ ಯಂತ್ರ ಕೊಟ್ಟಿತು, ನೂಲು ತೆಗೆದುಕೊಂಡಿತು ಎನ್ನಿಸುತ್ತದೆ. ಚರಿತ್ರೆಯಲ್ಲಿ ಮೊದಲು ಕೊಟ್ಟದ್ದು ನೂಲು. 1804ರಲ್ಲಿ ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಮರೀ ಜಕಾರ್ಡ್ ಹೊರತಂದ ಮಗ್ಗ ತೂತು ಕೊರೆದ ರಟ್ಟಿನ ಕಾರ್ಡುಗಳಿಂದ ನಡೆಯುತ್ತಿತ್ತು. ತೂತಿದ್ದಲ್ಲಿ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಒಂದು ಕಾರ್ಡಿಗೆ ಒಂದು ಹೊಕ್ಕು, ಅಂದರೆ ಅಡ್ಡಕ್ಕೆ ಹಾಯುವ ಎಳೆ. 1839ರಲ್ಲಿ ಲಿಯಾನಿನಲ್ಲಿ ಜಕಾರ್ಡನದೇ ಭಾವಚಿತ್ರವನ್ನು ಸುಮಾರು 24,000 ಕಾರ್ಡು ಬಳಸಿ ರೇಷ್ಮೆಯಲ್ಲಿ ನೇಯ್ದರು. ಅದು ಎಷ್ಟು ನಯವಾಗಿದೆಯೆಂದರೆ ನೋಡಿದವರು ಅಚ್ಚು ಹಾಕಿದ ಚಿತ್ರವೆಂದೇ ತಿಳಿಯುತ್ತಿದ್ದರು. ಅದರ ಒಂದು ಪ್ರತಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಯಾಬೇಜ್ ಬಳಿ ಇತ್ತು. ತನ್ನ ಲೆಕ್ಕದ ಯಂತ್ರಕ್ಕೂ ಅಂಥದೇ ಕಾರ್ಡುಗಳಿರಲಿ ಎಂದು ಯೋಜಿಸಿದವನು ಅವನು. ಜಕಾರ್ಡ್ ನಮಗೂ ಪರಕೀಯನಲ್ಲ. ದೊಡ್ಡಬಳ್ಳಾಪುರದ ನೇಕಾರರಿಗೆ ಅವನ ಹೆಸರು ದಿನಬಳಕೆಯ ಮಾತು.

ಒಂದೂಕಾಲು ಶತಮಾನ ದಾಟಿ ಬನ್ನಿ. ಚಂದ್ರನತ್ತ ಹೊರಟ ಅಪೊಲೊ ನೌಕೆಗಳ ಕಂಪ್ಯೂಟರಿನ ಪ್ರೋಗ್ರಾಮನ್ನು ಅಮೆರಿಕದ ಮ್ಯಾಸಚೂಸೆಟ್ಸ್‌ನ ರೇಥಿಯಾನ್ ಕಾರ್ಖಾನೆಯಲ್ಲಿ ಹೆಂಗಸರು ಕೈಯಾರೆ ತಂತಿಯಲ್ಲಿ ನೇಯ್ದರು. ಪುಟ್ಟ ಕಾಂತದ ಉಂಗುರದೊಳಗೆ ತಂತಿ ಹಾಯ್ದರೆ ಒಂದು, ಬಳಸಿ ಹೋದರೆ ಸೊನ್ನೆ. ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿದ ಲೆಕ್ಕ ಹೀಗೆ ಅಕ್ಷರಶಃ ಕೈನೇಯ್ಗೆಯಾಗಿತ್ತು. ಇದು ತಿಳಿದ ಮೇಲೆ ಉಣ್ಣೆಯ ಚಿಪ್ ವಿಚಿತ್ರವಾಗಿ ಕಾಣುವುದಿಲ್ಲ.

ಒಂದು ಕೃತಿ, ನಿಧಾನವಾಗಿ

ಆ ಚಿಪ್ಪನ್ನೇ ನೋಡೋಣ. ಮ್ಯಾರಿಲೂ ಶುಲ್ಟ್ಸ್ ಅಮೆರಿಕದ ಮೂಲನಿವಾಸಿ ನವಾಹೋ ಸಮುದಾಯದ ನೇಕಾರ್ತಿ, ಗಣಿತದ ಮೇಡಂ ಕೂಡ. ಇಂಟೆಲ್ ಕಂಪನಿ ಕೇಳಿದ್ದಕ್ಕೆ 1994ರಲ್ಲಿ ಪೆಂಟಿಯಂ ಚಿಪ್ಪಿನ ಚಿತ್ರ ನೋಡಿ ಅವರು ನೇಯ್ದ ಉಣ್ಣೆಯ ಕೃತಿಯ ಹೆಸರು ‘ರೆಪ್ಲಿಕಾ ಆಫ್ ಎ ಚಿಪ್’. ಚಿಪ್ ವಿನ್ಯಾಸ ಬಲ್ಲವರು ಯಾವ ಭಾಗ ಯಾವುದೆಂದು ಗುರುತಿಸಬಹುದಾದಷ್ಟು ಅದು ಕರಾರುವಾಕ್ಕು.

ಇಲ್ಲಿ ಮೊದಲು ಲಂಬ ಗೆರೆಗಳನ್ನು ನೋಡಿ. ನವಾಹೋ ನೇಯ್ಗೆಯಲ್ಲಿ ಹೊಕ್ಕಿನ ನೂಲನ್ನು ಒತ್ತಿ ಒತ್ತಿ ಕೂರಿಸುವುದರಿಂದ ಹಾಸು ಪೂರ್ತಿ ಮರೆಯಾಗುತ್ತದೆ, ಬಣ್ಣವೆಲ್ಲ ಹೊಕ್ಕಿನದೇ. ಅಡ್ಡಗೆರೆ ಸುಲಭ: ಒಂದು ಬಣ್ಣ ಆಚೆಯಿಂದ ಈಚೆಗೆ ಹಾಯ್ದರೆ ಆಯಿತು. ನೆಟ್ಟಗಿನ ಗೆರೆ ಕಷ್ಟ. ಎರಡು ಬಣ್ಣ ಸೇರುವಲ್ಲಿ ಎರಡು ನೂಲೂ ಸಾಲು ಸಾಲಿಗೂ ಹಿಂದಿರುಗಬೇಕು. ಒಂದನ್ನೊಂದು ತಬ್ಬಿಸದಿದ್ದರೆ ನಡುವೆ ಸೀಳು ಬಿಡುತ್ತದೆ. ಚಿಪ್ಪಿನ ತುಂಬ ಇರುವುದು ಇಂಥ ನೆಟ್ಟಗಿನ ಸಣ್ಣ ಗೆರೆಗಳೇ. ಎರಡನೆಯದು ಸಮತೋಲ. ನವಾಹೋ ಕಂಬಳಿಗಳಲ್ಲಿ ಎಡಕ್ಕಿದ್ದದ್ದು ಬಲಕ್ಕೂ ಇರುವುದು ಹೆಚ್ಚು. ಅರ್ಧ ನೇಯ್ದರೆ ಇನ್ನರ್ಧಕ್ಕೆ ಕೈಗೆ ದಾರಿ ತಿಳಿದಿರುತ್ತದೆ. ಚಿಪ್ಪಿಗೆ ಆ ಕರುಣೆ ಇಲ್ಲ, ಪ್ರತಿ ಮೂಲೆಯೂ ಬೇರೆ.

ಮೂರನೆಯದು ಬಟ್ಟೆಯಾಚೆಗಿನ ಕತೆ. ನವಾಹೋ ನಾಡಿನ ಶಿಪ್‌ರಾಕ್‌ನಲ್ಲಿ 1965ರಿಂದ 1975ರವರೆಗೆ ಫೇರ್‌ಚೈಲ್ಡ್ ಕಂಪನಿಯ ಚಿಪ್ ಕಾರ್ಖಾನೆ ಇತ್ತು. ದುಡಿದವರಲ್ಲಿ ಬಹುಪಾಲು ನವಾಹೋ ಹೆಂಗಸರು. ಚಿಪ್ಪಿನ ವಿನ್ಯಾಸವನ್ನೂ ನವಾಹೋ ಕಂಬಳಿಯ ವಿನ್ಯಾಸವನ್ನೂ ಹೋಲಿಸಿ ಕಂಪನಿ 1969ರಲ್ಲಿ ಪುಸ್ತಿಕೆ ಅಚ್ಚು ಹಾಕಿಸಿತು. ಇವರ ಕೈಗೆ ಈ ಕೆಲಸ ಹುಟ್ಟಿನಿಂದಲೇ ಬಂದದ್ದು ಎಂಬ ಹೊಗಳಿಕೆ ಅದರಲ್ಲಿತ್ತು. ಕಲಿತು ಪಳಗಿಸಿಕೊಂಡ ವಿದ್ಯೆಯನ್ನು ಹುಟ್ಟುಗುಣವೆಂದರೆ ಆ ಕಲಿಕೆಗೆ ಬೆಲೆ ಕಟ್ಟಬೇಕಾಗಿಲ್ಲ. ‘ಎಷ್ಟು ತಾಳ್ಮೆ’ ಎಂಬ ನಮ್ಮ ಮಾತಿನಲ್ಲೂ ಆ ನೆರಳಿದೆ. ಶುಲ್ಟ್ಸ್ ಅವರ ಕೃತಿಯಲ್ಲಿ ನೇಕಾರ್ತಿಯೊಬ್ಬಳು ತನ್ನ ಹೆಸರಿನಲ್ಲಿ, ತನ್ನ ಮಗ್ಗದ ಮೇಲೆ, ತನ್ನ ಲೆಕ್ಕದಲ್ಲಿ ಚಿಪ್ಪನ್ನು ಓದಿದ್ದಾಳೆ. ಅದರ ಘನತೆ ಅಲ್ಲಿದೆ ಎಂದು ನನ್ನ ನಂಬಿಕೆ.

ದಿನಚರಿಯೇ ನಕ್ಷೆಯಾದಾಗ

ಎಲ್ಲ ಕೃತಿಗೂ ಇಷ್ಟು ದೊಡ್ಡ ಹಿನ್ನೆಲೆ ಬೇಕಿಲ್ಲ. 2018ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ದಿನವೂ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದ ಮಹಿಳೆಯೊಬ್ಬರು ದಿನಕ್ಕೆರಡು ಸಾಲಿನಂತೆ ಮಫ್ಲರ್ ಹೆಣೆದರು. ರೈಲು ತಡವಾದದ್ದು 5 ನಿಮಿಷದೊಳಗಾದರೆ ಬೂದು, 5ರಿಂದ 30 ನಿಮಿಷವಾದರೆ ಗುಲಾಬಿ, ಅದಕ್ಕೂ ಮೀರಿದರೆ ಅಥವಾ ಹೋಗುವಾಗಲೂ ಬರುವಾಗಲೂ ತಡವಾದರೆ ಕೆಂಪು. 2019ರ ಜನವರಿಯಲ್ಲಿ ಅದು ಹರಾಜಿನಲ್ಲಿ 7,550 ಯೂರೋಗೆ ಹೋಯಿತು. ಹಣ ರೈಲು ನಿಲ್ದಾಣಗಳಲ್ಲಿ ಸೇವೆ ಮಾಡುವ ಸಂಸ್ಥೆಗೆ ಸಂದಿತು. ದಿನದ ತಾಪಮಾನಕ್ಕೊಂದು ಬಣ್ಣ ಗೊತ್ತುಮಾಡಿ ವರ್ಷವಿಡೀ ದಿನಕ್ಕೊಂದು ಸಾಲು ಹೆಣೆಯುವವರು ಈಗ ಹಲವು ದೇಶಗಳಲ್ಲಿದ್ದಾರೆ.

ಇಂಥವನ್ನು ನೋಡುವಾಗ ಮೊದಲು ನಿಯಮವನ್ನು ಪತ್ತೆ ಮಾಡಿ: ಯಾವ ಬಣ್ಣಕ್ಕೆ ಯಾವ ಅರ್ಥ? ಆಮೇಲೆ ಆ ನಿಯಮವನ್ನು ಪ್ರಶ್ನಿಸಿ. 4 ನಿಮಿಷ ತಡವಾದ ದಿನ ಬೂದು, 6 ನಿಮಿಷದ್ದು ಗುಲಾಬಿ. ಆ ಗಡಿ ಹಾಕಿದವರು ಹೆಣೆದವರೇ. ಲೆಕ್ಕ ಲೋಕದ್ದು, ಗಡಿ ಕಲಾವಿದೆಯದು. ಅವರ ದೃಷ್ಟಿ ತಿಳಿಯುವುದು ಆ ಗಡಿಯಲ್ಲಿ.

ನಿಯಮವೇ ಆಕಾರವಾಗುವುದೂ ಉಂಟು. 1997ರಲ್ಲಿ ಗಣಿತಜ್ಞೆ ಡೈನಾ ಟೈಮಿನಾ ಹೈಪರ್ಬೋಲಿಕ್ ಎಂಬ, ಅಂಚಿನತ್ತ ಹಿಗ್ಗುತ್ತಲೇ ಹೋಗುವ ಮೇಲ್ಮೈಯನ್ನು ವಿದ್ಯಾರ್ಥಿಗಳ ಕೈಗೆ ಕೊಡಲು ಕ್ರೋಶಾ ಕಡ್ಡಿ ಹಿಡಿದರು. ಇಂತಿಷ್ಟು ಕುಣಿಕೆಗೊಂದು ಹೆಚ್ಚಿನ ಕುಣಿಕೆ, ಅಷ್ಟೇ ನಿಯಮ. ಸುತ್ತಿನಿಂದ ಸುತ್ತಿಗೆ ಅಂಚು ಬೆಳೆಯುತ್ತ ಚಪ್ಪಟೆಯಾಗಿ ಮಲಗಲು ಜಾಗ ಸಾಲದೆ ನೆರಿಗೆ ನೆರಿಗೆಯಾಗಿ ಏಳುತ್ತದೆ. ಅದೇ ನೆರಿಗೆಯ ಜಾಡು ಹಿಡಿದು 2005ರಲ್ಲಿ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಥೈಮ್ ಸೋದರಿಯರು ಕ್ರೋಶಾದಲ್ಲಿ ಹವಳದ ದಿಬ್ಬ ಹೆಣೆಯಲು ಶುರುಮಾಡಿದರು. ಅದಕ್ಕೆ ಹಲವು ದೇಶಗಳ ಸಾವಿರಾರು ಕೈಗಳು ಸೇರಿವೆ.

ಯಂತ್ರ ಹೆಣೆದರೆ?

ಕೈಯದು ಮಾತ್ರ ಕಲೆ ಎಂಬ ಹಟ ಬಿಟ್ಟುಬಿಡಿ. ಇಂಗ್ಲೆಂಡಿನ ವಿಲಿಯಂ ಲೀ ಹೆಣಿಗೆ ಯಂತ್ರ ಮಾಡಿದ್ದು 1589ರಲ್ಲಿ. ಯಂತ್ರದ ಹೆಣಿಗೆಗೂ ನಾಲ್ಕು ಶತಮಾನಗಳ ಪರಂಪರೆ ಇದೆ. ಜರ್ಮನಿಯ ರೋಸ್‌ಮರಿ ಟ್ರೋಕೆಲ್ 1980ರ ದಶಕದಲ್ಲಿ ಉಣ್ಣೆಯ ಚಿತ್ರಗಳನ್ನು ಬೇಕೆಂದೇ ಯಂತ್ರದಲ್ಲಿ ಹೆಣೆಸಿ ಚೌಕಟ್ಟಿಗೆ ಬಿಗಿದರು. ಹೆಂಗಸರ ಕೈಗೆಲಸವೆಂದು ಪಕ್ಕಕ್ಕಿಟ್ಟದ್ದರಿಂದ ‘ಕೈ’ಯನ್ನು ತೆಗೆದರೆ ಆಗ ಏನೆನ್ನುತ್ತೀರಿ ಎಂಬುದು ಅವರ ಪ್ರಶ್ನೆ. ಆಸ್ಟ್ರೇಲಿಯಾದ ಸಾರಾ ಸ್ಪೆನ್ಸರ್ 1980ರ ದಶಕದ ಮನೆಬಳಕೆಯ ಹೆಣಿಗೆ ಯಂತ್ರವೊಂದನ್ನು ಬಿಚ್ಚಿ, ಕಂಪ್ಯೂಟರಿನ ಮಾತು ಕೇಳುವಂತೆ ಮಾಡಿಕೊಂಡು, 88 ನಕ್ಷತ್ರಪುಂಜಗಳ ಆಕಾಶವನ್ನು ಹೆಣೆದರು. 2018ರಲ್ಲಿ ಪ್ರದರ್ಶನಗೊಂಡ ಆ ಪಟ 4.6 ಮೀಟರ್ ಅಗಲ, 2.8 ಮೀಟರ್ ಎತ್ತರ, ಸುಮಾರು 15 ಕಿಲೊ ತೂಕ. ಯಂತ್ರದ ಕೃತಿಯಲ್ಲಿ ತೀರ್ಮಾನಗಳೇನೂ ಕಡಿಮೆಯಾಗುವುದಿಲ್ಲ, ಅವು ಕಡ್ಡಿಯಿಂದ ಪ್ರೋಗ್ರಾಮಿಗೆ ಸರಿಯುತ್ತವೆ. ನೀವು ಹುಡುಕುವ ಜಾಗ ಬದಲಾಗುತ್ತದೆ, ಅಷ್ಟೆ.

ಮನೆಯಿಂದ ಹೊರಡಿ

ಈ ಕಲೆ ಗ್ಯಾಲರಿಯಲ್ಲಿ ಮಾತ್ರ ಸಿಗುವಂಥದಲ್ಲ. ಇದನ್ನು ಮಾಡುವವರ ದಿನಚರಿಯಲ್ಲೇ ಇದು ಬೆರೆತಿರುತ್ತದೆ. ಚೀಲದಲ್ಲಿ ಒಂದು ಕಾಲುಚೀಲದ ಹೆಣಿಗೆ, ಬಸ್ಸಿನಲ್ಲಿ ನಾಲ್ಕು ಸಾಲು, ವಾರಕ್ಕೊಮ್ಮೆ ಗೆಳತಿಯರೊಡನೆ ಕೂತು ಹೆಣಿಗೆ, ವರ್ಷಕ್ಕೊಮ್ಮೆ ಉಣ್ಣೆಯ ಜಾತ್ರೆ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಶರತ್ಕಾಲದ ಉಣ್ಣೆ ವಾರಕ್ಕೂ ನ್ಯೂಯಾರ್ಕ್ ರಾಜ್ಯದ ರೈನ್‌ಬೆಕ್‌ನಲ್ಲಿ ಅಕ್ಟೋಬರಿನ ಕುರಿ–ಉಣ್ಣೆ ಮೇಳಕ್ಕೂ ದೂರ ದೂರದಿಂದ ಜನ ಬರುತ್ತಾರೆ. ಜೂನ್‌ನಲ್ಲಿ ಊರೂರುಗಳ ಪಾರ್ಕುಗಳಲ್ಲಿ ಎಲ್ಲರೆದುರು ಕೂತು ಹೆಣೆಯುವ ದಿನವೊಂದಿದೆ. ಅದು 2005ರಲ್ಲಿ ಶುರುವಾದದ್ದು.

ನಮ್ಮಲ್ಲೂ ಹೋಗಲು ಜಾಗಗಳಿವೆ. ಇಳಕಲ್ಲಿಗೆ ಹೋದರೆ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕುಣಿಕೆಗೆ ಕುಣಿಕೆ ಕೊಂಡಿ ಹಾಕಿ ಸೇರಿಸುವುದನ್ನು ತೋರಿಸಿ ಎಂದು ಕೇಳಿ. ಚಳ್ಳಕೆರೆ ಕಡೆ ಹೋದರೆ ಕಂಬಳಿ ನೇಯುವವರ ಬಳಿ ಕೂತು ಉಣ್ಣೆಯನ್ನು ಬೆರಳಲ್ಲಿ ಹೊಸೆದು ನೋಡಿ. ಮುಟ್ಟುವ ಮೊದಲು ಕೇಳಿ, ಅಷ್ಟೇ ಮರ್ಯಾದೆ.

ಕಲಾವಿದರು ಸಿಕ್ಕರೆ ‘ಎಷ್ಟು ದಿನ ಹಿಡಿಯಿತು?’ ಎಂಬ ಪ್ರಶ್ನೆಯನ್ನು ಕೊನೆಗಿಡಿ. ಬದಲಿಗೆ ಮಾದರಿ ತುಂಡು ತೋರಿಸುತ್ತೀರಾ ಎನ್ನಿ. ಬಿಚ್ಚಿ ಮತ್ತೆ ಹೆಣೆದದ್ದು ಎಲ್ಲಿ ಎಂದು ಕೇಳಿ. ನಕ್ಷೆಯಲ್ಲಿದ್ದು ನೂಲಿನಲ್ಲಿ ಬಿಟ್ಟದ್ದು ಯಾವುದು ಎಂದು ವಿಚಾರಿಸಿ. ಈ ಮೂರು ಪ್ರಶ್ನೆಗೆ ಮುಖ ಅರಳದ ಹೆಣೆಯುವವರನ್ನು ನಾನಂತೂ ಕಂಡಿಲ್ಲ.

ಕೊನೆಯದಾಗಿ, ಒಂದು ಉಂಡೆ ಉಣ್ಣೆ, ಎರಡು ಕಡ್ಡಿ ತಂದು ಇಪ್ಪತ್ತು ಕುಣಿಕೆ ಏರಿಸಿ ಹತ್ತು ಸಾಲು ಹೆಣೆಯಿರಿ. ಅಂಚು ಸೊಟ್ಟವಾದರೂ ಆಗಲಿ. ಯಾವ ಸಾಲಿನಲ್ಲಿ ಕೈ ಬಿಗಿಯಾಯಿತು, ಎಲ್ಲಿ ಕುಣಿಕೆ ಜಾರಿತು ಎಂಬುದು ನಿಮಗೇ ಕಾಣುತ್ತದೆ. ತನ್ನ ಹತ್ತು ಸಾಲನ್ನು ಓದಬಲ್ಲ ಕಣ್ಣು ಬೇರೆಯವರ ಹತ್ತು ಸಾವಿರ ಸಾಲನ್ನೂ ಓದಬಲ್ಲದು. ಆಗ ನಿಮ್ಮ ಬಾಯಿಂದ ಬರುವ ಮೆಚ್ಚುಗೆಗೆ ತೂಕವಿರುತ್ತದೆ: ಇಂಥ ಗೆರೆಯನ್ನು ಇಂಥ ಕಡೆ ಹೀಗೆ ತಿರುಗಿಸಿದಿರಲ್ಲ, ಭಲೆ!