ತಳಾರನ ತಕ್ಕಡಿ: ‘ಯಶೋಧರ ಚರಿತೆ’ಯಲ್ಲಿ ದೇಹ–ಜೀವ ವಿಚಾರ

ಜನ್ನನ ‘ಯಶೋಧರ ಚರಿತೆ’ (1209) ಕುರಿತ ಕನ್ನಡ ವಿಮರ್ಶೆ ಬಹುಮಟ್ಟಿಗೆ ಅಮೃತಮತಿಯ ಪ್ರಸಂಗದ ಸುತ್ತಲೇ ಬೆಳೆದುಬಂದಿದೆ. ರಾಣಿಯೊಬ್ಬಳು ಕುರೂಪಿ ಮಾವಟಿಗನಿಗೆ ಮನಸೋತ ಬಗೆಯನ್ನು ವಿವೇಚಿಸುವ ಉತ್ಸಾಹದಲ್ಲಿ, ಕಾವ್ಯದ ಕೊನೆಯ ಭಾಗದಲ್ಲಿ ಬರುವ ಚಂಡಕರ್ಮ–ಅಕಂಪನರ ಸಂವಾದವನ್ನು ಮತಬೋಧೆಯೆಂದು ಬದಿಗಿರಿಸುವುದೇ ಹೆಚ್ಚು. ಕಥೆಗೆ ಅಂಟಿಸಿದ ತತ್ತ್ವವೆಂದು ತೋರುವ ಈ ಸಂವಾದ ವಾಸ್ತವವಾಗಿ ಕಥೆಯ ಒಳಗಿನಿಂದಲೇ ಹುಟ್ಟಿದ ಪ್ರಶ್ನೆಯೊಂದನ್ನು ಎತ್ತುತ್ತದೆ. ದೇಹದಿಂದ ಬೇರೆಯಾದ ಜೀವವೊಂದಿದೆ ಎಂಬುದಕ್ಕೆ ಸಾಕ್ಷಿ ಯಾವುದು?

ಪ್ರಶ್ನೆ ಕೇಳುವವನು ಪಂಡಿತನಲ್ಲ, ತಳಾರ. ಕಳ್ಳರನ್ನು ಹಿಡಿದು ದಂಡಿಸುವುದು ಅವನ ವೃತ್ತಿ. ಗ್ರಂಥಗಳ ಆಧಾರವನ್ನು ಅವನು ನೀಡುವುದಿಲ್ಲ, ಕೈಯಾರೆ ಮಾಡಿ ನೋಡಿದ್ದನ್ನು ಹೇಳುತ್ತಾನೆ. ಕಳ್ಳನೊಬ್ಬನನ್ನು ಒಳಗಿಟ್ಟು, ಎಲ್ಲಿಯೂ ಸಂದಿಲ್ಲದಂತೆ ಅರಗು ಬಳಿದು ಮುಚ್ಚಿದರೆ ಅವನು ಸತ್ತ, ಆದರೆ ಜೀವ ಹೊರಟುಹೋದ ರಂಧ್ರ ಕಾಣಲಿಲ್ಲ. ಮತ್ತೊಬ್ಬನನ್ನು ಕೊಲ್ಲುವ ಮೊದಲೂ ಕೊಂದ ಬಳಿಕವೂ ತೂಗಿದರೆ ತೂಕದಲ್ಲಿ ವ್ಯತ್ಯಾಸವಿರಲಿಲ್ಲ. ತುಂಡರಿಸಿ ಹುಡುಕಿದರೂ ಜೀವವೆಂಬುದು ಸಿಕ್ಕಲಿಲ್ಲ. ಅಕಂಪನಮುನಿ ದೃಷ್ಟಾಂತಗಳಿಂದ ಉತ್ತರಿಸುತ್ತಾನೆ: ಮುಚ್ಚಿದ ನೆಲೆಯೊಳಗೆ ಊದಿದ ಶಂಖದ ದನಿ ಹೊರಗೆ ಕೇಳಿಸುತ್ತದೆ, ಗಾಳಿ ತುಂಬಿದ ತಿದಿಗೂ ಬರಿದಾದ ತಿದಿಗೂ ತೂಕ ಒಂದೇ, ಅರಣಿಯನ್ನು ಸೀಳಿದರೆ ಕಿಚ್ಚು ಕಾಣದು.

ಈ ವಾದಸರಣಿ ಜನ್ನನದಲ್ಲ; ಅವನ ನೇರ ಆಕರವಾದ ವಾದಿರಾಜನ ಸಂಸ್ಕೃತ ಕಾವ್ಯಕ್ಕಿಂತಲೂ ಇದು ಬಹಳ ಹಳೆಯದು. ಶ್ವೇತಾಂಬರ ಆಗಮವಾದ ‘ರಾಯಪಸೇಣಿಯ’ದಲ್ಲಿ ಪ್ರದೇಶಿ ಎಂಬ ಅರಸನೂ ಕೇಶಿ ಶ್ರಮಣನೂ ನಡೆಸುವ ಚರ್ಚೆಯಲ್ಲಿ ಇದೇ ಪ್ರಯೋಗಗಳು ವಿಸ್ತಾರವಾಗಿ ಬಂದಿವೆ. ಪಾಲಿ ದೀಘನಿಕಾಯದ ‘ಪಾಯಾಸಿ ಸುತ್ತ’ದಲ್ಲಿ ಪಾಯಾಸಿಯೆಂಬ ಒಡೆಯ ಕುಮಾರ ಕಸ್ಸಪನ ಎದುರು ಇಂಥದೇ ವಾದ ಹೂಡುತ್ತಾನೆ. ಅಲ್ಲಿ ಸತ್ತವನ ದೇಹ ಇನ್ನೂ ಭಾರವಾಗುತ್ತದೆ ಎನ್ನುವುದೊಂದು ಭೇದ. ಅರಣಿಯನ್ನು ಸೀಳಿ ಬೆಂಕಿ ಹುಡುಕುವ ದೃಷ್ಟಾಂತ ಎರಡೂ ಕಡೆ ಇದೆ.

ಈ ಸಾದೃಶ್ಯವನ್ನು ಕೇವಲ ಆಕರಶೋಧದ ಸಂಗತಿಯಾಗಿ ನೋಡಿದರೆ ಸಾಲದು. ಬೌದ್ಧರು ನಿತ್ಯವಾದ ಆತ್ಮವನ್ನು ಒಪ್ಪುವವರಲ್ಲ. ಕಸ್ಸಪ ಸಾಧಿಸಹೊರಟಿರುವುದು ಪರಲೋಕವನ್ನೂ ಕರ್ಮಫಲವನ್ನೂ ಮಾತ್ರ. ಜೀವವನ್ನು ಸಾಧಿಸುವವರಿಗೂ ಅದನ್ನು ನಿರಾಕರಿಸುವವರಿಗೂ ಒಂದೇ ದೃಷ್ಟಾಂತ ಒದಗುವುದಾದರೆ, ಆ ದೃಷ್ಟಾಂತ ಜೀವಕ್ಕೆ ಪ್ರಮಾಣವಾಗಲಾರದು. ಎದುರಾಳಿಯ ಹುಡುಕಾಟದ ಕ್ರಮ ಸಾಲದೆಂದು ಅದು ತೋರಿಸಬಲ್ಲುದು, ಅಷ್ಟೆ. ತರ್ಕದ ಮಾತಿನಲ್ಲಿ ಹೇಳುವುದಾದರೆ, ಅಕಂಪನನ ಉತ್ತರಗಳು ಬಾಧಕವನ್ನು ನಿವಾರಿಸುತ್ತವೆ, ಸಾಧಕವನ್ನು ಒದಗಿಸುವುದಿಲ್ಲ.

ಜೈನಮತದ ಒಳಗೇ ನಿಂತು ನೋಡಿದರೆ ತೊಡಕು ಇನ್ನೂ ಬಿಗಿಯಾಗುತ್ತದೆ. ಆ ದರ್ಶನದಲ್ಲಿ ಜೀವ ಅಮೂರ್ತ. ದೀಪದ ಬೆಳಕು ಕೋಣೆಗೆ ತಕ್ಕಂತೆ ಹರಡುವ ಹಾಗೆ ತಾನಿರುವ ದೇಹದ ಪರಿಮಾಣವನ್ನು ತಳೆಯುವಂಥದು. ಆದರೆ ಮುನಿ ಆರಿಸಿಕೊಂಡ ಗಾಳಿ, ಕಿಚ್ಚು, ದನಿ ಮೂರೂ ಮೂರ್ತವಸ್ತುಗಳು. ಶಬ್ದವನ್ನು ಆಕಾಶದ ಗುಣವೆಂದ ವೈಶೇಷಿಕರನ್ನು ಖಂಡಿಸಿ ಅದು ಪುದ್ಗಲದ ಪರ್ಯಾಯವೇ ಎಂದು ವಾದಿಸಿದವರು ಸ್ವತಃ ಜೈನ ತಾರ್ಕಿಕರು. ತಿದಿಯ ಗಾಳಿಗೂ ತೂಕವಿದೆ, ಲೀಟರೊಂದಕ್ಕೆ ಸುಮಾರು 1.2 ಗ್ರಾಂ. ಸುತ್ತಲಿನ ಗಾಳಿ ಅದನ್ನು ಎತ್ತಿಹಿಡಿಯುವುದರಿಂದ ತಕ್ಕಡಿಗೆ ಅದು ತಿಳಿಯುವುದಿಲ್ಲ. ಸೂಕ್ಷ್ಮವಾದ ಜಡವೊಂದು ಕಣ್ಣಿಗೂ ತಕ್ಕಡಿಗೂ ತಪ್ಪಿಸಿಕೊಳ್ಳಬಲ್ಲುದೆಂಬುದು ಇದರಿಂದ ಸಿದ್ಧವಾಗುತ್ತದೆ. ಜಡವೇ ಅಲ್ಲದ ಚೇತನ ಸಿದ್ಧವಾಗುವುದಿಲ್ಲ. 1907ರಲ್ಲಿ ಅಮೆರಿಕದ ವೈದ್ಯ ಡಂಕನ್ ಮ್ಯಾಕ್‌ಡೂಗಲ್ ಸಾಯುತ್ತಿದ್ದ ರೋಗಿಗಳನ್ನು ತೂಗಿ ಆತ್ಮಕ್ಕೆ ಭಾರವಿದೆಯೆಂದು ಪ್ರಕಟಿಸಿದಾಗ ಅವನೂ ಇದೇ ಗೊಂದಲಕ್ಕೆ ಸಿಲುಕಿದ್ದ. ತೂಕ ಸಿಕ್ಕಿತೆಂದರೆ ಸಿಕ್ಕಿದ್ದು ಮತ್ತೊಂದು ದ್ರವ್ಯವೇ ಹೊರತು ಆತ್ಮವಲ್ಲ.

ತರ್ಕ ಇಲ್ಲಿಗೆ ನಿಂತರೂ ಜನ್ನನ ಕಾವ್ಯ ನಿಲ್ಲುವುದಿಲ್ಲ. ತಳಾರನ ಬಳಿ ಪಂಜರವೊಂದಿದೆ. ಅದರಲ್ಲಿ ಎರಡು ಕೋಳಿಗಳಿವೆ. ಅವು ಹಲವು ಭವಗಳಲ್ಲಿ ತೊಳಲಿಬಂದ ಯಶೋಧರ ಮತ್ತು ಅವನ ತಾಯಿ ಚಂದ್ರಮತಿ. ದೇಹದಿಂದ ಜೀವ ಬೇರೆಯೇ ಎಂದು ಇಬ್ಬರು ಚರ್ಚಿಸುತ್ತಿರುವಾಗ, ಅದಕ್ಕೆ ಉತ್ತರವಾಗಿರುವವರೇ ಪಂಜರದೊಳಗೆ ಕುಳಿತು ಕೇಳುತ್ತಿದ್ದಾರೆ. ಅವರಿಗೆ ಹಿಂದಿನ ಭವಗಳ ಅರಿವುಂಟಾಗುತ್ತದೆ, ಸಂತಸದಿಂದ ಕೂಗುತ್ತಾರೆ. ರಾಣಿಯೊಡನೆ ವಿಹರಿಸುತ್ತಿದ್ದ ಯಶೋಮತಿ ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಯಲು ದನಿಯ ಜಾಡಿನಲ್ಲಿ ಬಾಣಬಿಟ್ಟು ಎರಡನ್ನೂ ಕೊಲ್ಲುತ್ತಾನೆ. ಕೊಂದದ್ದು ತನ್ನ ತಂದೆಯನ್ನೂ ಅಜ್ಜಿಯನ್ನೂ. ಅವರೇ ಮರಳಿ ಅವನ ಮಕ್ಕಳಾಗಿ ಹುಟ್ಟುತ್ತಾರೆ. ಈ ಕಥೆಯನ್ನೆಲ್ಲ ಮಾರಿದತ್ತನಿಗೆ ಹೇಳುತ್ತಿರುವ ಅಭಯರುಚಿ ಅವರಲ್ಲೊಬ್ಬ. ಹಾಗಾಗಿ ನಿರೂಪಣೆಯ ದನಿಯೇ ಇಲ್ಲಿ ಸಾಕ್ಷಿಯಾಗಿದೆ. ತಕ್ಕಡಿ ಹಿಡಿಯದಿದ್ದುದನ್ನು ನೆನಪು ಹಿಡಿದಿದೆ. ಇದು ತಾರ್ಕಿಕ ಪ್ರಮಾಣವಲ್ಲ ನಿಜ. ನೆನಪನ್ನು ಒಪ್ಪಿದವನಿಗಷ್ಟೇ ಅದು ಸಾಕ್ಷಿ.

ಇಷ್ಟಕ್ಕೂ ಕಾವ್ಯದ ಕೇಂದ್ರದಲ್ಲಿರುವ ಪಾಪ ಯಾವುದು? ಯಶೋಧರ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅದಕ್ಕೆ ಅದರದೇ ಆದ ಜೀವವಿರಲಿಲ್ಲ. ಅದರ ಚೆಲುವಿಗೆ ಮರುಳಾದ ಬೆಂತರವೊಂದು ಹೊಕ್ಕಿತ್ತು, ಕಡಿದಾಗ ಕೂಗಿತು. ಹಿಂಸೆಯ ಹೊಣೆ ಜೀವವಿದೆಯೇ ಎಂಬ ಪ್ರಶ್ನೆಯನ್ನೇ ಆಧರಿಸಿದ್ದರೆ ಯಶೋಧರ ನಿರಪರಾಧಿಯಾಗಬೇಕಿತ್ತು. ಜನ್ನ ಅವನನ್ನು ಬಿಡುವುದಿಲ್ಲ. ಕತ್ತಿಯೆತ್ತಿದ ಕೈಯ ಹಿಂದಿನ ಸಂಕಲ್ಪವೇ ಭವಭವಗಳಲ್ಲಿ ಅವನನ್ನು ಅಟ್ಟಿಬರುತ್ತದೆ. ಜೀವವಿಲ್ಲದ ಕೋಳಿಯನ್ನು ಕಡಿದವನು ಜೀವವಿರುವ ಕೋಳಿಯಾಗಿ, ಜೀವವನ್ನು ಹುಡುಕಿ ಕಳ್ಳರನ್ನು ಕೊಂದ ತಳಾರನ ಪಂಜರ ಸೇರುತ್ತಾನೆ. ಆ ಕಳ್ಳರ ಹೆಸರನ್ನಾಗಲಿ ಮುಂದಿನ ಭವಗಳನ್ನಾಗಲಿ ಕಾವ್ಯ ಹೇಳುವುದಿಲ್ಲ. ಆತ್ಮದ ಚರ್ಚೆಗೆ ದೇಹ ತೆತ್ತವರು ಅವರು. ತಳಾರ ವ್ರತ ಸ್ವೀಕರಿಸಿದ ಮೇಲೂ ಅವರ ವಿಚಾರ ಅಲ್ಲಿ ಬಂದಿಲ್ಲ.