ಲೀನಾ ತೀರದ ಎಂಜಿನಿಯರ್

1881ರ ಅಕ್ಟೋಬರ್ ತಿಂಗಳಿಡೀ ಜಾರ್ಜ್ ಮೆಲ್ವಿಲ್ ಏನು ಮಾಡುತ್ತಿದ್ದ? ಸೈಬೀರಿಯದ ಉತ್ತರ ತುದಿಯಲ್ಲಿ ಅವನ ನಾಯಕ ಡಿ ಲಾಂಗ್ ಹಸಿವಿನಿಂದ ಸಾಯುತ್ತಿದ್ದ ತಿಂಗಳು ಅದು. ಇದರ ಸುತ್ತ ಅಮೆರಿಕದಲ್ಲಿ ನೌಕಾಪಡೆಯ ವಿಚಾರಣೆ ನಡೆಯಿತು, ಆಮೇಲೆ ಸಂಸತ್ತಿನ ಸಮಿತಿಯೂ ಕೂತಿತು. ಮೆಲ್ವಿಲ್‌ನ ‘ಇನ್ ದ ಲೀನಾ ಡೆಲ್ಟಾ’ ಬರೆಯಲ್ಪಟ್ಟದ್ದು ಈ ವಿಚಾರಣೆಗಳ ಬಿಸಿಯಲ್ಲಿ. ಸಂಗಾತಿಗಳ ಹುಡುಕಾಟದ ಕಥನ ಎಂದು ಅದರ ಮುಖಪುಟ ಹೇಳುತ್ತದೆ. ಆದರೆ ಕಟಕಟೆಯಲ್ಲಿ ನಿಂತವನ ಹೇಳಿಕೆಯೂ ಅದರೊಳಗೆ ಸೇರಿಕೊಂಡಿದೆ. ಪುಸ್ತಕದ ಬಲವೂ ಕುಂದೂ ಎರಡೂ ಇಲ್ಲಿಂದಲೇ ಬಂದಿವೆ ಎಂಬುದು ನನ್ನ ಎಣಿಕೆ.

ಮೆಲ್ವಿಲ್ ನ್ಯೂಯಾರ್ಕಿನವನು, 1841ರಲ್ಲಿ ಹುಟ್ಟಿದವನು. ಅಂತರ್ಯುದ್ಧದ ಮೊದಲ ವರ್ಷವೇ ನೌಕಾಪಡೆಯ ಯಂತ್ರಕೋಣೆಗೆ ಇಳಿದ. 1879ರ ಜುಲೈ 8ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವಕ್ಕೆಂದು ಹೊರಟ ‘ಜೀನೆಟ್’ ಹಡಗಿಗೆ ಅವನೇ ಮುಖ್ಯ ಎಂಜಿನಿಯರ್. ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ಒಡೆಯ ಬೆನೆಟ್ ಇದಕ್ಕೆ ಹಣ ಸುರಿದಿದ್ದ. ಬೆಚ್ಚನೆಯ ಸಾಗರಪ್ರವಾಹವೊಂದು ಬೇರಿಂಗ್ ಜಲಸಂಧಿಯ ಮೂಲಕ ಹರಿದು, ಮಂಜಿನ ಸುತ್ತುಗೋಡೆಯಾಚೆಯ ತೆರೆದ ಧ್ರುವಸಮುದ್ರಕ್ಕೆ ದಾರಿ ಮಾಡಿಕೊಡುತ್ತದೆ ಎಂಬ ನಂಬಿಕೆ ಆಗ ಬಲವಾಗಿತ್ತು. ಸೆಪ್ಟೆಂಬರಿನಲ್ಲೇ ಹಡಗು ಮಂಜಿನಲ್ಲಿ ಸಿಕ್ಕಿಬಿತ್ತು. ಮುಂದಿನ ಇಪ್ಪತ್ತೊಂದು ತಿಂಗಳು ಅದು ಸಾಗಿದ್ದು ಮಂಜು ಎಳೆದುಕೊಂಡು ಹೋದ ಕಡೆಗೆ.

1880ರ ಜನವರಿಯಲ್ಲಿ ಹಡಗಿನ ಮುಂಭಾಗ ಸೋರತೊಡಗಿತು. ಒಳಬಂದ ನೀರು ಅಲ್ಲಲ್ಲೇ ಹೆಪ್ಪುಗಟ್ಟುವ ಚಳಿ. ಬಡಗಿ ಸ್ವೀಟ್‌ಮನ್ ಮತ್ತು ನಾವಿಕ ನಿಂಡೆಮನ್ ಆ ನೀರಲ್ಲೇ ನಿಂತು ಅಡ್ಡಗೋಡೆ ಕಟ್ಟಿದರು. ಮೆಲ್ವಿಲ್ ಬಾಯ್ಲರಿಗೆ ಬೆಂಕಿ ಹಾಕಿ ಉಗಿಪಂಪುಗಳನ್ನು ಎಬ್ಬಿಸಿದ. ಆದರೆ ಪಂಪು ನಡೆದಷ್ಟೂ ಕಲ್ಲಿದ್ದಲು ಕರಗುತ್ತದೆ, ಅದು ಮುಗಿದರೆ ಊರಿಗೆ ಮರಳುವ ಆಸೆಯೂ ಮುಗಿಯುತ್ತದೆ. ಹಾಗಾಗಿ ಹಡಗಿನಲ್ಲಿ ಸಿಕ್ಕ ಸಾಮಾನುಗಳನ್ನೇ ಜೋಡಿಸಿ, ಗಾಳಿಯಿಂದ ಓಡುವ ಪಂಪೊಂದನ್ನು ನಿಲ್ಲಿಸಿದ. ವೀರಗಾಥೆಯಲ್ಲಿ ಇಂಥ ಕೆಲಸಕ್ಕೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ನನಗೆ ಮಾತ್ರ ಇಡೀ ಯಾನದ ಜೀವ ಇರುವುದು ಇಲ್ಲಿ. ಸೋರಿಕೆ ಶುರುವಾದ ಮೇಲೂ ಹಡಗು ಸುಮಾರು ಹದಿನೇಳು ತಿಂಗಳು ಮುಳುಗದೆ ನಿಂತದ್ದು ಈ ಕೈಕೆಲಸದಿಂದ. 1881ರ ಜೂನ್ 13ರಂದು ಅದು ಮುಳುಗಿದ್ದು ಸೋರಿ ಅಲ್ಲ, ಎರಡು ಮಗ್ಗುಲಿನ ಮಂಜು ಹಿಚುಕಿ.

ಮೂವತ್ತಮೂರು ಜನ ಮಂಜಿನ ಮೇಲೆ ದೋಣಿಗಳನ್ನು ಎಳೆದುಕೊಂಡು ದಕ್ಷಿಣಕ್ಕೆ ನಡೆದರು. ನೌಕಾಪಡೆಯ ಒಂದು ಹಳೆಯ ಜಗಳ ಇಲ್ಲಿ ತಲೆಯೆತ್ತಿತು. ಹಡಗು ನಡೆಸುವ ಅಧಿಕಾರಿಗಳದು ಒಂದು ಶ್ರೇಣಿ, ಎಂಜಿನಿಯರುಗಳದು ಇನ್ನೊಂದು. ಆಜ್ಞೆ ಕೊಡುವ ಹಕ್ಕು ಮೊದಲಿನವರಿಗಷ್ಟೇ. ಆದರೂ ಒಂದು ದೋಣಿಯ ಯಜಮಾನಿಕೆಯನ್ನು ಡಿ ಲಾಂಗ್ ಲಿಖಿತವಾಗಿ ಮೆಲ್ವಿಲ್‌ಗೆ ಕೊಟ್ಟ. ಕಣ್ಣಿನ ರೋಗದಿಂದ ನರಳುತ್ತಿದ್ದ ನೌಕಾಧಿಕಾರಿ ಡ್ಯಾನೆನ್‌ಹೋವರ್ ಅದೇ ದೋಣಿಯಲ್ಲಿ ಎಂಜಿನಿಯರನ ಕೈಕೆಳಗೆ ಕೂರಬೇಕಾಯಿತು, ಆ ಕಹಿ ಕೊನೆಯವರೆಗೂ ಹೋಗಲಿಲ್ಲ. ಸೆಪ್ಟೆಂಬರ್ 12ರ ಬಿರುಗಾಳಿಗೆ ಮೂರು ದೋಣಿಗಳೂ ಚದುರಿದವು. ನೌಕಾಧಿಕಾರಿ ಚಿಪ್‌ನ ದೋಣಿ ಎಂಟು ಜನರೊಂದಿಗೆ ಕಾಣೆಯಾಯಿತು. ಮೆಲ್ವಿಲ್‌ನ ತಂಡ ಡೇರೆಯ ಕೋಲು, ಬಟ್ಟೆಗಳನ್ನು ಬಿಗಿದು ತೇಲುವ ಲಂಗರು ಮಾಡಿ, ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ಹಿಡಿದು ಉಳಿಯಿತು. ಹನ್ನೊಂದು ಜನರೂ ಲೀನಾ ನದಿಯ ಮುಖಜ ಭೂಮಿಯ ಪೂರ್ವದಲ್ಲಿ ದಡ ಸೇರಿದರು.

ಇನ್ನು ಆ ಅಕ್ಟೋಬರ್. ಡಿ ಲಾಂಗ್ ಮತ್ತು ಹದಿಮೂರು ಮಂದಿ ಉತ್ತರದ ನಿರ್ಜನ ದಡದಲ್ಲಿ ಇಳಿದಿದ್ದರು. ಮೆಲ್ವಿಲ್ ಹಳ್ಳಿಯೊಂದರಲ್ಲಿ ಕೂತಿದ್ದ. ಹುಡುಕಲು ಯಾಕೆ ಹೋಗಲಿಲ್ಲ? ಅವನ ಉತ್ತರವನ್ನು ನಾನು ಒಪ್ಪುತ್ತೇನೆ: ಕಾಲುಗಳು ಹಿಮಕಡಿತದಿಂದ ಊದಿದ್ದವು, ನದಿ ಅರೆ ಹೆಪ್ಪುಗಟ್ಟಿತ್ತು; ದೋಣಿ ಹೋಗದು, ಜಾರುಬಂಡಿ ಓಡದು. ಕೊಜ್ಮಾ ಎಂಬ ಗಡೀಪಾರಾದ ರಷ್ಯನ್ ಸುದ್ದಿ ತಲುಪಿಸಲು ಬುಲುನ್ ಊರಿಗೆ ಹೋದ. ದಾರಿಯಲ್ಲಿ ಅವನಿಗೆ ಸಿಕ್ಕವರು, ಡಿ ಲಾಂಗ್ ಸಹಾಯ ತರಲೆಂದು ಮುಂದೆ ಕಳಿಸಿದ್ದ ನಿಂಡೆಮನ್ ಮತ್ತು ನೊರೋಸ್. ಅವರ ಚೀಟಿ ಮೆಲ್ವಿಲ್ ಕೈಗೆ ಬಂದದ್ದು ಅಕ್ಟೋಬರ್ ಕೊನೆಯಲ್ಲಿ. ಡಿ ಲಾಂಗ್‌ನ ದಿನಚರಿ ನಿಂತದ್ದು ಅಕ್ಟೋಬರ್ 30ಕ್ಕೆ. ಚೀಟಿ ಬಂದ ಮೇಲೆ ಮೆಲ್ವಿಲ್ ತಡಮಾಡಲಿಲ್ಲ, ವಾಸಿಯಾಗದ ಕಾಲಲ್ಲೇ ನವೆಂಬರಿನ ಕತ್ತಲಲ್ಲಿ ಹುಡುಕಿದ.

ನ್ಯಾಯ ಅವನ ಕಡೆಗಿದೆ, ಆದರೆ ಬರವಣಿಗೆ ಅದನ್ನು ನಂಬಿ ನಿಲ್ಲುವುದಿಲ್ಲ. ಆರೋಪ ಹತ್ತಿರ ಬಂದ ಕಡೆಯಲ್ಲೆಲ್ಲ ವಾಕ್ಯ ಉದ್ದವಾಗುತ್ತದೆ, ದನಿ ಏರುತ್ತದೆ. ನನಗೆ ಇದಕ್ಕಿಂತ ಹೆಚ್ಚು ನೋಯಿಸುವುದು ಸ್ಥಳೀಯರ ಕುರಿತ ಅವನ ಮಾತು. ಹನ್ನೊಂದು ಜನರಿಗೆ ಮೀನು, ಬಾತುಕೋಳಿ, ಬೆಂಕಿ, ಸೂರು ಕೊಟ್ಟವರು ಅದೇ ಹಳ್ಳಿಯವರು. ಚಳಿಗಾಲಕ್ಕೆ ತಮಗೇ ಸಾಲದ ಆಹಾರದಲ್ಲಿ ಪಾಲು ಕೊಟ್ಟವರ ಬಗ್ಗೆ ಮೇಲಿನವನು ಕೆಳಗಿನವರನ್ನು ನೋಡುವ ದನಿಯಲ್ಲಿ ಬರೆಯುವುದು ಆ ಕಾಲದ ವಾಡಿಕೆ ನಿಜ. ಆದರೂ ಪಂಪಿನ ಒಂದೊಂದು ಭಾಗವನ್ನೂ ಗೌರವದಿಂದ ಕಂಡ ಕಣ್ಣು, ಮಂಜಿನ ನಾಡಿನಲ್ಲಿ ತಲೆಮಾರುಗಳಿಂದ ಬದುಕಿದವರ ಜಾಣ್ಮೆಯನ್ನು ಅದೇ ಗೌರವದಿಂದ ಕಾಣಲಿಲ್ಲ. ಆ ಲೋಪಕ್ಕೆ ಕಾಲವನ್ನಷ್ಟೇ ದೂರಲಾರೆ.

1882ರ ಮಾರ್ಚಿನಲ್ಲಿ ಹೆಣಗಳು ಸಿಕ್ಕಿದ ಪ್ರಕರಣಕ್ಕೆ ಬಂದಾಗ ವಾದ ತಾನಾಗಿ ಕಳಚಿಬೀಳುತ್ತದೆ. ಒಟ್ಟಿಗೆ ಕಟ್ಟಿದ ನಾಲ್ಕು ಕೋಲು, ಹಿಮದಿಂದ ಇಣುಕುವ ಬಂದೂಕಿನ ನಳಿಗೆ, ತಾಮ್ರದ ಕೆಟಲು, ಆಮೇಲೆ ಡಿ ಲಾಂಗ್‌ನ ಕೈ, ತುಸು ದೂರದಲ್ಲಿ ದಿನಚರಿ. ಕಂಡದ್ದನ್ನು ಕಂಡ ಕ್ರಮದಲ್ಲಿ ಇಡುವ ಎಂಜಿನಿಯರನ ಅಭ್ಯಾಸ ಇಲ್ಲಿ ದೊಡ್ಡ ಗದ್ಯವಾಗುತ್ತದೆ. ಪ್ರವಾಹ ಮುಟ್ಟದ ಗುಡ್ಡದ ಮೇಲೆ ಹೆಣಗಳನ್ನಿಟ್ಟು, ಮರದ ಶಿಲುಬೆ ನಿಲ್ಲಿಸಿ, ಕಲ್ಲು ಪೇರಿಸಿದ ಸಂಗತಿಯನ್ನೂ ಅವನು ಹೀಗೇ ಬರೆಯುತ್ತಾನೆ.

ಮುಂದೆ 1884ರಲ್ಲಿ, ಉತ್ತರದ ಮಂಜಿನಲ್ಲಿ ಸಿಲುಕಿದ್ದ ಗ್ರೀಲಿ ತಂಡವನ್ನು ಉಳಿಸಲು ಅವನು ಮತ್ತೆ ಉತ್ತರಕ್ಕೆ ಹೋದ. 1887ರಿಂದ 1903ರವರೆಗೆ ನೌಕಾಪಡೆಯ ಉಗಿಯಂತ್ರ ವಿಭಾಗದ ಮುಖ್ಯಸ್ಥನಾಗಿ ನೂರಕ್ಕೂ ಹೆಚ್ಚು ಹಡಗುಗಳ ಯಂತ್ರಗಳಿಗೆ ಹೊಣೆ ಹೊತ್ತ. ಎಂಜಿನಿಯರುಗಳನ್ನು ನೌಕಾಧಿಕಾರಿಗಳ ಶ್ರೇಣಿಗೆ ಸೇರಿಸಿದ 1899ರ ಕಾಯಿದೆ ಬಂದದ್ದೂ ಅವನ ಕಾಲದಲ್ಲೇ.

ಪುಸ್ತಕದ ಕೊನೆಗೆ ಧ್ರುವ ಮುಟ್ಟುವ ಅವನದೇ ಯೋಜನೆಯಿದೆ, ಫ್ರಾಂಜ್ ಜೋಸೆಫ್ ದ್ವೀಪಗಳ ದಾರಿಯದು. ಅತ್ಯಂತ ದುರ್ಬಲ ಭಾಗ ಇದೇ. ಮಂಜಿನ ಹರಿವೇ ಧ್ರುವಸಾಗರ ದಾಟಿಸಬಲ್ಲದು ಎಂದು ಇಪ್ಪತ್ತೊಂದು ತಿಂಗಳ ತೇಲಾಟ ಕಲಿಸಿದ ಪಾಠ ಅಲ್ಲಿ ಸೇರಿಲ್ಲ. ಜೀನೆಟ್‌ನ ಅವಶೇಷಗಳು ಗ್ರೀನ್‌ಲ್ಯಾಂಡಿನ ತೀರದಲ್ಲಿ ಸಿಕ್ಕಾಗ ಆ ಪಾಠವನ್ನು ಓದಿಕೊಂಡವನು ನಾರ್ವೆಯ ನಾನ್ಸೆನ್. 1893ರಲ್ಲಿ ‘ಫ್ರಾಮ್’ ಹಡಗನ್ನು ಬೇಕೆಂದೇ ಮಂಜಿಗೆ ಒಪ್ಪಿಸಿದವನು. ಮೆಲ್ವಿಲ್ ಅಲ್ಲಿಗೆ ಬಿಡಲಿಲ್ಲ ಎಂಬುದು ಅವನ ಮೇಲಿನ ನನ್ನ ಗೌರವವನ್ನು ಹೆಚ್ಚಿಸುತ್ತದೆ. ಆ ಹರಿವನ್ನು ಪರೀಕ್ಷಿಸಲು ಶತಮಾನದ ತಿರುವಿನಲ್ಲಿ ಅಲಾಸ್ಕದ ಉತ್ತರದ ಮಂಜಿನ ಮೇಲೆ, ತಾನೇ ಯೋಚಿಸಿ ಮಾಡಿಸಿದ ಮರದ ಪೀಪಾಯಿಗಳನ್ನು ಬಿಡಿಸಿದ. ಅವುಗಳಲ್ಲಿ ಒಂದು 1905ರಲ್ಲಿ ಐಸ್‌ಲ್ಯಾಂಡಿನ ತೀರಕ್ಕೆ, ಇನ್ನೊಂದು 1908ರಲ್ಲಿ ನಾರ್ವೆಯ ತೀರಕ್ಕೆ ಬಂದು ಸೇರಿದವು.